ಮುರಿಯಬೇಕಿದ್ದ ಕಡಾಣಿ

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರದಲ್ಲಿ ತಪ್ಪು ಕಂಡರೆ ತಿದ್ದಿಕೊಂಡು ಓದಿ. ಕೆಲಸದ ವಿಷಯದಲ್ಲಿ ಮಾತ್ರ ಗೊತ್ತಿಲ್ಲದ್ದನ್ನು ಬರೆದಿಲ್ಲ. ದೋಣಿ ಮೋಟಾರಿನ ರಿಪೇರಿ ಕಲಿಯಲು ಬಂದಿರುವ ನಿಮ್ಮ ಮುಂದೆ ಮೊನ್ನೆ ಬಾಯಿಮಾತಿನಲ್ಲಿ ಹೇಳಲು ನಿಂತೆ, ನಡುವೆ ಒಬ್ಬರು ಒಂದು ಪ್ರಶ್ನೆ ಕೇಳಿದರು, ನನ್ನ ಮಾತು ಅಲ್ಲೇ ಕಟ್ಟಿತು. ಗಂಟಲು ಸರಿಯಿಲ್ಲ ಎಂದು ಹೇಳಿ ಕೂತುಬಿಟ್ಟೆ. ಗಂಟಲು ಸರಿಯಾಗಿಯೇ ಇತ್ತು. ಉತ್ತರ ಬರೆದು ಕೊಡುತ್ತಿದ್ದೇನೆ. ಮೊದಲು ಕೆಲಸದ ಮಾತು, ಆಮೇಲೆ ಅದು.

ಹಾಸನದಲ್ಲಿ ಕೂತು ದೋಣಿ ಮೋಟಾರು ರಿಪೇರಿ ಮಾಡುತ್ತೇನೆ ಅಂದರೆ ಜನ ನಗುತ್ತಿದ್ದರು. ಸಮುದ್ರ ಎಲ್ಲೋ, ಹಾಸನ ಎಲ್ಲೋ. ಆದರೆ ಹೇಮಾವತಿ ಹಿನ್ನೀರಿನಲ್ಲಿ ಮೀನು ಗುತ್ತಿಗೆಯವರ ದೋಣಿಗಳಿದ್ದವು. ಕೆರೆಗಳಲ್ಲಿ ಕಳೆ ಎಳೆಯುವ ದೋಣಿ, ಹೊಳೆ ತುಂಬಿದಾಗ ಜನರನ್ನು ದಾಟಿಸುವ ರಬ್ಬರ್ ದೋಣಿ, ಇವೂ ಇದ್ದವು. ಎಲ್ಲಕ್ಕೂ ಹಿಂದೆ ನೇತುಹಾಕುವ ಮೋಟಾರು. ಕೆಟ್ಟರೆ ಘಟ್ಟ ಇಳಿಸಿ ಕರಾವಳಿಗೆ ಕಳಿಸಬೇಕು, ಇಲ್ಲದಿದ್ದರೆ ನನ್ನ ಅಂಗಡಿಗೆ ತರಬೇಕು. ನೀರಿಗೆ ಮುಟ್ಟುವ ಭಾಗವೇ ಹೆಚ್ಚು ಕೆಡುವುದು, ಅದರಲ್ಲೂ ಪ್ರೊಪೆಲರು. ನಮ್ಮ ಕಡೆ ಅದಕ್ಕೆ ಫ್ಯಾನು ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಈ ಕೆಲಸಕ್ಕೆ ನನ್ನನ್ನು ತಂದವರು ಬಾವಾ ಸಾಬರು. ಕರಾವಳಿಯಿಂದ ಬಂದು ಹಾಸನದಲ್ಲಿ ಅಂಗಡಿ ಇಟ್ಟಿದ್ದ ಮುದುಕರು. ನಾನು ಅವರಲ್ಲಿ ಪಂಪ್‌ಸೆಟ್ಟು ಬಿಚ್ಚಿ ಜೋಡಿಸುತ್ತಿದ್ದೆ. ಒಂದು ದಿನ ಗೋಣಿಚೀಲದಿಂದ ಮೂರು ಎಲೆಯ ಒಂದು ವಸ್ತು ತೆಗೆದು ನನ್ನ ಕೈಗೆ ಕೊಟ್ಟರು.

“ಇದು ಎಂತದು, ಹೇಳು ನೋಡುವ.”

“ಟೇಬಲ್ ಫ್ಯಾನಿಂದು ಅಲ್ವಾ ಸಾಬ್ರೆ? ಆದ್ರೆ ತೂಕ ಜಾಸ್ತಿ ಅದೆ.”

“ಟೇಬಲ್ ಫ್ಯಾನು! ಮಾರಾಯ, ಇದು ಎಂಟು ಜನರನ್ನು ನೀರಿನ ಮೇಲೆ ಒಯ್ಯುವ ಸಾಮಾನು.”

ನಾನು ನಂಬಲಿಲ್ಲ. ನಮ್ಮಪ್ಪ ಹೊಳೆನರಸೀಪುರದ ಹತ್ತಿರ ಎತ್ತಿನ ಗಾಡಿಗಳ ಕೆಲಸ ಮಾಡುತ್ತಿದ್ದವನು. ಎಂಟು ಜನರನ್ನು ಎಳೆಯಲು ಏನು ಬೇಕು ಎಂದು ನನಗೆ ಗೊತ್ತಿತ್ತು. ಎದೆಮಟ್ಟದ ಎರಡು ಚಕ್ರ, ಒಂದು ಜೊತೆ ಎತ್ತು. ಇದು ನನ್ನ ಎರಡು ಅಂಗೈಯೊಳಗೆ ಕೂರುತ್ತಿತ್ತು. ಸಾಬರು ಅದನ್ನೂ ನನ್ನನ್ನೂ ಹೇಮಾವತಿ ಹಿನ್ನೀರಿನ ದಡದ ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋದರು. ಮಳೆಗಾಲ ಮುಗಿದಿತ್ತು. ಅಣೆಕಟ್ಟು ಬಂದಾಗ ಪಾಳುಬಿದ್ದ, ಸೂರಿಲ್ಲದ ಚರ್ಚಿನ ಕಮಾನುಗಳು ನೀರಿನೊಳಗೆ ಅರ್ಧ ಮುಳುಗಿ ನಿಂತಿದ್ದವು. ಅಲ್ಲಿದ್ದ ಒಂದು ದೋಣಿಯ ಮೋಟಾರಿಗೆ ಫ್ಯಾನು ಹಾಕಿ ಚಾಲೂ ಮಾಡಿದರು. ದೋಣಿ ಮೊದಲು ಹಿಂಬದಿ ತಗ್ಗಿಸಿತು, ಆಮೇಲೆ ಹೊರಟಿತು. ನಾನು ಹಿಂದೆ ಬಗ್ಗಿ ನೋಡಿದೆ. ನೀರು ಹಗ್ಗ ಹೊಸೆದ ಹಾಗೆ ಹೊಸೆದುಕೊಂಡು ಹಿಂದಕ್ಕೆ ಓಡುತ್ತಿತ್ತು. ಎಳೆಯುವವರು ಯಾರೂ ಇಲ್ಲ. ನಾವು ಚರ್ಚಿನ ಗೋಡೆಯ ಪಕ್ಕದಲ್ಲೇ ಹೋಗುತ್ತಿದ್ದೆವು, ಜನ ಮಂಡಿಯೂರಿ ಕೂರುತ್ತಿದ್ದ ನೆಲ ನಮ್ಮ ಕೆಳಗೆಲ್ಲೋ ಇತ್ತು. ಅಂದು ಮೈ ಜುಮ್ಮೆಂದದ್ದು ಕೆಲಸ ಬಿಡುವ ದಿನದವರೆಗೂ ಪೂರ್ತಿ ಇಳಿಯಲಿಲ್ಲ. ನಿಮಗೆ ಆ ಬೆರಗು ಒಂದು ಸಲವೂ ಆಗದಿದ್ದರೆ ಬೇರೆ ಕೆಲಸ ನೋಡಿಕೊಳ್ಳುವುದು ಒಳ್ಳೆಯದು.

ಫ್ಯಾನು ಬಿಚ್ಚುವ ಮೊದಲು ಪ್ಲಗ್ಗಿನ ವೈರು ಕೀಳಿ. ಕೈಯಲ್ಲಿ ಫ್ಯಾನು ತಿರುಗಿಸಿದರೂ ಮೋಟಾರು ಚಾಲೂ ಆಗಬಹುದು, ಆಗ ಬೆರಳು ನಿಮ್ಮದಲ್ಲ. ಎಲೆ ತಿರುಗದಂತೆ, ಫ್ಯಾನಿನ ಮೇಲೆ ಚಾಚಿಕೊಂಡಿರುವ ಮೋಟಾರಿನ ತಟ್ಟೆಗೂ ಎಲೆಗೂ ನಡುವೆ ಒಂದು ಮರದ ತುಂಡು ಇಡಿ. ಆಮೇಲೆ ನಟ್ಟು. ಇದೆಲ್ಲ ಈಗ ಪುಸ್ತಕದಲ್ಲಿದೆ.

ಪುಸ್ತಕದಲ್ಲಿ ಇಲ್ಲದ್ದು ಸೋಪಿನ ವಿಷಯ. ಬಗ್ಗಿದ ಎಲೆಯನ್ನು ತಣ್ಣಗಿದ್ದಾಗ ಬಡಿದರೆ ಸೀಳುತ್ತದೆ. ಕಾಯಿಸಬೇಕು. ಆದರೆ ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಾಗಿ ಎಚ್ಚರಿಸುವುದಿಲ್ಲ. ಬೆಳ್ಳಗೆ ಇದ್ದದ್ದು ಇದ್ದ ಹಾಗೇ ಇದ್ದು, ಇದ್ದಕ್ಕಿದ್ದಂತೆ ತುಪ್ಪವಾಗಿ ಸುರಿಯುತ್ತದೆ. ನಾನು ಹಾಗೆ ಎರಡು ಫ್ಯಾನು ಸುರಿಸಿದ್ದೇನೆ. ಸಾಬರು ಬೈಯಲಿಲ್ಲ. ಬಟ್ಟೆ ಸೋಪಿನ ಬಿಲ್ಲೆ ತಂದು ಮೂರನೆಯದರ ಎಲೆಯ ಮೇಲೆ ಗೀಟು ಎಳೆದರು.

“ಸೋಪು ಕಪ್ಪಾಯಿತು ಅಂದರೆ ಸಾಕು ಅಂತ ಅರ್ಥ. ಬೆಂಕಿ ಆಚೆ ಹಿಡಿ. ಲೋಹ ಬಾಯಿ ಬಿಡುವುದಿಲ್ಲ, ಅದರ ಪರವಾಗಿ ಸೋಪು ಮಾತಾಡುತ್ತದೆ.”

ಮರಳು ತುಂಬಿದ ಚೀಲದ ಮೇಲೆ ಎಲೆ ಇಟ್ಟು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಬೇಕು. ಒಳ್ಳೆಯ ಎಲೆಯ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿಕೊಂಡು ಕೆಟ್ಟ ಎಲೆಗೆ ಹಿಡಿದು ನೋಡಬೇಕು. ಕೊನೆಗೆ ತೂಕ. ಎರಡು ಗರಗಸದ ಬ್ಲೇಡುಗಳ ಬೆನ್ನಿನ ಮೇಲೆ ಒಂದು ಸರಳು ಇಟ್ಟು ಅದಕ್ಕೆ ಫ್ಯಾನು ತೂರಿಸುತ್ತಿದ್ದೆವು. ಭಾರದ ಎಲೆ ತಾನಾಗಿ ಕೆಳಗೆ ಬರುತ್ತದೆ. ಅದನ್ನು ಅರದಿಂದ ಉಜ್ಜಿ ಮತ್ತೆ ಬಿಡಬೇಕು. ಯಾವ ಕಡೆ ನಿಲ್ಲಿಸಿದರೂ ಅಲ್ಲೇ ನಿಲ್ಲುವವರೆಗೆ ಇದೇ ಕೆಲಸ. ಸಾಬರು ತೂಗಿ ನಿಲ್ಲಿಸಿದ ಒಂದು ಫ್ಯಾನಿಗೆ ಗ್ರೀಸು ಹಚ್ಚಿ ಒಂದೇ ಒಂದು ಕಡಲೆಬೇಳೆ ಅಂಟಿಸಿದರು. ಅಷ್ಟು ತೂಕದ ಲೋಹ, ಒಂದು ಬೇಳೆಯ ಮಾತು ಕೇಳಿ ನಿಧಾನವಾಗಿ ತಿರುಗಿತು. ನಾನು ಉಸಿರು ಹಿಡಿದು ನೋಡುತ್ತಾ ನಿಂತೆ.

ಚನ್ನರಾಯಪಟ್ಟಣದ ಕಡೆಯ ಒಂದು ಕೆರೆಯಲ್ಲಿ ನನ್ನ ಮಾನ ಹೋದದ್ದನ್ನೂ ಹೇಳಬೇಕು. ಕಳೆ ಎಳೆಯುವ ದೋಣಿಗೆ ಫ್ಯಾನು ಹಾಕಿ ನಟ್ಟು ಬಿಗಿದೆ, ನಟ್ಟು ಕಳಚದಂತೆ ಅಡ್ಡ ಹಾಕುವ ಸ್ಪ್ಲಿಟ್ ಪಿನ್ನು ಮರೆತೆ. ಏರಿಯ ಮೇಲೆ ಊರಿನ ಅರ್ಧ ಜನ ನೋಡಲು ನಿಂತಿದ್ದರು. ದೋಣಿ ಚೆನ್ನಾಗಿ ಮುಂದೆ ಹೋಯಿತು. ಹಿಂದಕ್ಕೆ ಬರಲಿ ಎಂದು ರಿವರ್ಸ್ ಹಾಕಿದೆ. ಮೋಟಾರು ಕಿರುಚಿತು, ದೋಣಿ ಅಲ್ಲಾಡಲಿಲ್ಲ. ನಟ್ಟು, ಫ್ಯಾನು ಎರಡೂ ಕೆರೆಯ ತಳ ಸೇರಿದ್ದವು.

ಏರಿಯ ಮೇಲೆ ಕೂತಿದ್ದ ಒಬ್ಬ ಮುದುಕ ಕೂಗಿದ: “ಏನ್ಲಾ ಮೇಸ್ತ್ರಿ, ಕೆರೆಗೆ ಸೆಕೆ ಆಯ್ತಿತ್ತಾ? ಫ್ಯಾನು ಕೊಟ್ಬುಟ್ಟಲ್ಲಾ!”

ಇನ್ನೊಬ್ಬ: “ಕರೆಂಟ್ ಕನೆಕ್ಷನ್ನೂ ಕೊಟ್ಬುಡು, ಮೀನುಗೋಳು ತಣ್ಣಗಿರ್ಲಿ!”

ಸೊಂಟದ ಮಟ್ಟದ ಕೆಸರಿನಲ್ಲಿ ಕಾಲಿನಿಂದ ತಡಕಿ ತಡಕಿ ಹುಡುಕಿದೆವು. ಸಿಕ್ಕಿತು. ಅಂದಿನಿಂದ ನಟ್ಟು ಕೈಗೆ ತೆಗೆದುಕೊಳ್ಳುವ ಮೊದಲೇ ಹೊಸ ಸ್ಪ್ಲಿಟ್ ಪಿನ್ನನ್ನು ಅಂಗಿಯ ಮೇಲಿನ ಗುಂಡಿತೂತಿಗೆ ಸಿಗಿಸಿಕೊಳ್ಳುತ್ತೇನೆ. ಮನೆಗೆ ಹೋಗುವಾಗ ಅದು ಅಲ್ಲೇ ಇದ್ದರೆ ತಿರುಗಿ ಹೋಗಬೇಕು.

ಹೊಳೆನರಸೀಪುರದಲ್ಲಿ ಇನ್ನೊಂದು ಪಾಠ. ಹೊಳೆ ಏರುತ್ತಿತ್ತು, ಜನರನ್ನು ದಾಟಿಸುವ ದೋಣಿಯ ಮೋಟಾರು ನಡುಗುತ್ತಿತ್ತು. ಉಸ್ತುವಾರಿಯ ಸಾಹೇಬರಿಗೆ ಅವಸರ. “ಹೊಸ ಫ್ಯಾನ್ ಹಾಕಿ ಕಳಿಸ್ರೀ, ನೋಡೋದೇನಿದೆ” ಎಂದರು. ಫ್ಯಾನು ತೆಗೆದೆ. ಅದರ ಹಿಂದೆ ಮೀನಿನ ಗಾಳದ ನೈಲಾನ್ ದಾರ ಸುತ್ತಿಕೊಂಡು, ನೀರು ಒಳಗೆ ಬಾರದಂತೆ ತಡೆಯುವ ಆಯಿಲ್ ಸೀಲನ್ನು ಕತ್ತರಿಸಿತ್ತು. ಗೇರ್‌ಬಾಕ್ಸಿನ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿತ್ತು, ಅಂದರೆ ಒಳಗೆ ನೀರು. ಹೊಸ ಫ್ಯಾನು ಹಾಕಿ ಕಳಿಸಿದ್ದರೆ ನಡುಹೊಳೆಯಲ್ಲಿ ಗೇರು ಹಿಡಿದುಕೊಳ್ಳುತ್ತಿತ್ತು. ಸಾಹೇಬರು ಆ ದಾರವನ್ನು ಬೆರಳಿಗೆ ಸುತ್ತಿ ನೋಡಿ, “ಕೂದಲಿನಷ್ಟಿದೆಯಲ್ಲ ಮಾರಾಯ್ರೆ” ಎಂದರು. ಆಮೇಲೆ ನಾನು ಬೇಡ ಎಂದರೂ ಅವರೇ ಪಕ್ಕದಲ್ಲಿ ಕೂತು ಟಾರ್ಚು ಹಿಡಿಯುತ್ತಿದ್ದರು.

ಈಗ ಬಹಳ ಬದಲಾಗಿದೆ. ಎಲೆ ಬಗ್ಗಿದರೆ ಯಾರೂ ತಟ್ಟುವುದಿಲ್ಲ, ಹೊಸದು ಪಾರ್ಸೆಲ್ಲಿನಲ್ಲಿ ಬರುತ್ತದೆ. ಫ್ಯಾನಿನ ನಡುವೆ ರಬ್ಬರಿನ ಬುಷ್ ಇರುತ್ತದೆ. ಎಲೆ ಕಲ್ಲಿಗೆ ಹೊಡೆದರೆ ರಬ್ಬರು ಜಾರಿ ಗೇರನ್ನು ಉಳಿಸುತ್ತದೆ. ಹಳೆಯ ಸಣ್ಣ ಮೋಟಾರುಗಳಲ್ಲಿ ರಬ್ಬರಿನ ಬದಲು ಒಂದು ಪಿನ್ನು. ಫ್ಯಾನನ್ನೂ ಶಾಫ್ಟನ್ನೂ ಕೂಡಿಸಿ ಹಿಡಿಯುವ, ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಹಿತ್ತಾಳೆಯ ಕಡ್ಡಿ. ನಾವು ಅದನ್ನು ಕಡಾಣಿ ಅನ್ನುತ್ತಿದ್ದೆವು, ಗಾಡಿಯ ಚಕ್ರ ಕಳಚದ ಹಾಗೆ ಅಚ್ಚಿನ ತುದಿಗೆ ಹೊಡೆಯುತ್ತಾರಲ್ಲ, ಆ ಹೆಸರನ್ನೇ ಇಟ್ಟುಕೊಂಡು.

ಹೆಸರು ಇಟ್ಟದ್ದು ನಾನೇ. ಸಾಬರು ಅಂದೇ ತಲೆಯಾಡಿಸಿದ್ದರು. “ಇದು ನಿನ್ನ ಅಪ್ಪನ ಗಾಡಿಯ ಕಡಾಣಿ ಅಲ್ಲ. ಅದು ಮುರಿಯಬಾರದು, ಇದು ಮುರಿಯಲೇಬೇಕು. ಅದಕ್ಕೇ ಮೆತ್ತಗಿನ ಹಿತ್ತಾಳೆ. ಇದು ಹೋಗಿ ಉಳಿದದ್ದನ್ನೆಲ್ಲ ಉಳಿಸುತ್ತದೆ. ತಿಳಿಯಿತಾ?” ತಿಳಿಯಿತು ಎಂದಿದ್ದೆ. ತಿಳಿದಿತ್ತು ಕೂಡ. ಮೊನ್ನೆ ನಿಮ್ಮಲ್ಲಿ ಒಬ್ಬರು ಕೇಳಿದರಲ್ಲ, “ಪದೇಪದೇ ಮುರಿಯೋ ಹಿತ್ತಾಳೆ ಯಾಕೆ, ಉಕ್ಕಿನದೇ ಹಾಕಿದ್ರೆ ಆಗಲ್ವಾ” ಎಂದು, ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ನನ್ನ ತಮ್ಮ ಜವರನ ವಿಷಯ ಬರೆಯಬೇಕು.

ಜವರ ನನಗಿಂತ ಆರು ವರ್ಷ ಚಿಕ್ಕವನು. ಶಾಲೆಯ ಮೆಟ್ಟಿಲು ನನಗಿಂತ ಕಡಿಮೆ ಹತ್ತಿದ. ಹೇಮಾವತಿ ಹಿನ್ನೀರಿನಲ್ಲಿ, ಮಲ್ಲಿಪಟ್ಟಣದ ಕಡೆಯ ದಡಕ್ಕೂ ಎದುರು ದಡಕ್ಕೂ ನಡುವೆ, ಮೀನು ಗುತ್ತಿಗೆಯ ಯಜಮಾನರೊಬ್ಬರ ದೋಣಿ ಓಡಿಸುತ್ತಿದ್ದ. ಬಲೆ ಎಳೆಯುವವರನ್ನು ಬೆಳಗ್ಗೆ ಬಿಡುವುದು, ಮೀನಿನ ಜೊತೆ ವಾಪಸ್ಸು ತರುವುದು. ಅವನಂಥ ದೋಣಿಯವನನ್ನು ನಾನು ಮತ್ತೆ ನೋಡಲಿಲ್ಲ. ತಮ್ಮನೆಂದು ಹೊಗಳುತ್ತಿಲ್ಲ.

ಅಣೆಕಟ್ಟು ಕಟ್ಟುವಾಗ ಮರಗಳನ್ನು ಕಡಿದಿದ್ದರು, ಬುಡಗಳನ್ನು ಬಿಟ್ಟಿದ್ದರು. ಮುಳುಗಿದ ಊರುಗಳ ಗೋಡೆ, ಕಲ್ಲುಗಂಬ, ಬಾವಿಕಟ್ಟೆ ಎಲ್ಲ ನೀರಿನ ಕೆಳಗೆ ಹಾಗೇ ಇದ್ದವು. ಬೇಸಿಗೆಯಲ್ಲಿ ನೀರು ಇಳಿದಾಗ ಜವರ ಬರಿಗಾಲಲ್ಲಿ ಆ ಬಿರುಕು ನೆಲದ ಮೇಲೆ ದಿನವಿಡೀ ನಡೆಯುತ್ತಿದ್ದ. ನನ್ನನ್ನೂ ಒಮ್ಮೆ ಕರೆದುಕೊಂಡು ಹೋದ. “ಇದು ಉಣಸೆ ಬುಡ ಕಣಣ್ಣಯ್ಯ. ಇದು ಯಾರ್ದೋ ಕೊಟ್ಟಿಗೆ ಕಂಬ. ಇಲ್ಲಿಂದ ಇಪ್ಪತ್ತೆಜ್ಜೆಗೆ ಬಾವಿ.” ಮಳೆ ಬಂದು ಅದೆಲ್ಲ ಮುಚ್ಚಿದ ಮೇಲೆ, ಒಂದೇ ಸಮನೆ ಹರಡಿದ ನೀರಿನ ಮೇಲೆ ಅವನು ಓಣಿಯಲ್ಲಿ ತಿರುಗಿದ ಹಾಗೆ ದೋಣಿ ತಿರುಗಿಸುತ್ತಿದ್ದ.

“ಅಲ್ನೋಡು, ನೀರು ಬೆನ್ನು ಬಗ್ಗಿಸ್ತಾ ಅದೆ. ಅಡೀಲಿ ಏನೋ ಅದೆ.”

“ನಂಗೇನೂ ಕಾಣಾಕಿಲ್ಲ ಕಣ್ಲಾ.”

“ನೀನು ಕಬ್ಬಿಣ ನೋಡೋನು. ನಿಂಗೆಲ್ಲಿ ಕಂಡದು?”

ವೇಗವನ್ನು ಅವನು ಕೈಯಲ್ಲಿ ತಿಳಿಯುತ್ತಿದ್ದ. ಮೋಟಾರಿನ ಹಿಡಿ ಅಂಗೈಯಲ್ಲಿ ನಡುಗುವುದರಲ್ಲೇ ಎಲ್ಲ ಗೊತ್ತಾಗುತ್ತದೆ ಎನ್ನುತ್ತಿದ್ದ. ಒಮ್ಮೆ ದೋಣಿಯಿಂದಲೇ ಫೋನು ಮಾಡಿ, “ಅಣ್ಣಯ್ಯ, ಒಂದೆಲೆ ಬಗ್ಗ್‌ಬುಟ್ಟದೆ” ಎಂದ. ಯಾವುದಕ್ಕಾದರೂ ಹೊಡೆಯಿತಾ ಎಂದು ಕೇಳಿದೆ. “ಇಲ್ಲ, ಕೈಗೆ ಇವತ್ತು ಬೇರೆ ತರ ಅನ್ನುಸ್ತು.” ತಂದು ರಟ್ಟು ಹಿಡಿದು ನೋಡಿದೆ. ಉಗುರಿನ ದಪ್ಪದಷ್ಟು ಬಗ್ಗಿತ್ತು. ನನ್ನ ರಟ್ಟು ಅಳತೆ ಮಾಡಿ ಹೇಳುವುದನ್ನು ಅವನ ಅಂಗೈ ಅದಕ್ಕಿಂತ ಮೊದಲೇ ಹೇಳಿತ್ತು.

ಹಿನ್ನೀರು ಏರುವ ತಿಂಗಳು ಕೆಟ್ಟದ್ದು. ಬುಡಗಳು ನೀರಿನ ಮೇಲ್ಮೈಗೆ ಗೇಣಿನಷ್ಟು ಕೆಳಗೆ ಇರುತ್ತವೆ. ಜವರನಂಥವನಿಗೂ ತಾಗುತ್ತವೆ. ತಾಗಿದರೆ ಹಿತ್ತಾಳೆ ಕಡಾಣಿ ಟಪ್ಪೆಂದು ಮುರಿಯುತ್ತದೆ, ಫ್ಯಾನು ಸುಮ್ಮನೆ ತಿರುಗುತ್ತದೆ. ಮೋಟಾರು ಎತ್ತಿ ಹೊಸ ಕಡಾಣಿ ಹಾಕಿಕೊಂಡು ಹೊರಟರಾಯಿತು, ಹತ್ತು ನಿಮಿಷದ ಕೆಲಸ. ಆ ವರ್ಷ ಒಂದೇ ವಾರದಲ್ಲಿ ನಾಲ್ಕು ಮುರಿದವು. ಯಜಮಾನರು ಅಂಗಡಿಗೆ ಬಂದು ನಾಲ್ಕು ಜನರ ಮುಂದೆ ನನ್ನ ಮೇಜಿನ ಮೇಲೆ ಮುರಿದ ತುಂಡುಗಳನ್ನು ಸುರಿದರು.

“ಏನ್ ಮೇಸ್ತ್ರಿ, ಕಡಾಣಿ ಮಾಡ್ತೀಯೋ ಕಡ್ಲೆಕಾಯಿ ಮಾಡ್ತೀಯೋ? ನಿಮ್ಮಪ್ಪ ಮಾಡಿದ ಗಾಡಿ ನಮ್ಮನೇಲಿ ಮೂವತ್ತು ವರ್ಷ ಓಡ್ತು. ಒಂದು ದಿನ ಕಡಾಣಿ ಮುರೀಲಿಲ್ಲ.”

ಜನ ನಕ್ಕರು. ಸಾಬರು ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಅವರಿದ್ದಿದ್ದರೆ ಯಜಮಾನರಿಗೆ ಎರಡು ಮಾತು ಹೇಳಿ ಕಳಿಸುತ್ತಿದ್ದರು. ನನಗೆ ಹೇಳಲು ಬರಲಿಲ್ಲ. ಮುರಿಯುವುದೇ ಅದರ ಕೆಲಸ ಸ್ವಾಮಿ ಎನ್ನುವ ಒಂದು ವಾಕ್ಯ ಸಾಕಿತ್ತು. ಅಪ್ಪನ ಹೆಸರು ಎತ್ತಿದ್ದು ಮನಸ್ಸಿಗೆ ಚುಚ್ಚಿತ್ತು. ಗಾಡಿ ಕೆಲಸದವನ ಮಗನಿಗೆ ಮುರಿಯುವ ಕಡಾಣಿ ಮಾಡಿಕೊಡುವುದು ಒಳಗೊಳಗೇ ಯಾವಾಗಲೂ ನಾಚಿಕೆಯಾಗಿಯೇ ಇತ್ತು ಎನ್ನುವುದು ಆಗ ಗೊತ್ತಾಯಿತು. ಅವರು ಹೋದ ಮೇಲೆ ಮುರಿದ ಡ್ರಿಲ್ ಬಿಟ್ಟೊಂದರ ಬುಡ ಹುಡುಕಿ ತೆಗೆದೆ. ಅಳತೆ ಸರಿಯಾಗಿತ್ತು. ಅದಕ್ಕಿಂತ ಗಟ್ಟಿ ಉಕ್ಕು ನನ್ನ ಅಂಗಡಿಯಲ್ಲಿ ಇರಲಿಲ್ಲ. ಕತ್ತರಿಸಿ, ತುದಿ ಉಜ್ಜಿ, ಜವರನ ಮೋಟಾರಿಗೆ ಹಾಕಿದೆ.

ಮೋಟಾರು ತೆಗೆದುಕೊಂಡು ಹೋಗಲು ಬಂದ ಜವರ ಎಂದಿನ ಹಾಗೆ ಕೇಳಿದ: “ಕಡಾಣಿ ಇತ್ತಾಳೆದೇ ತಾನೆ ಅಣ್ಣಯ್ಯ?”

“ಹೂಂ.”

“ಅಂಗಾರೆ ಬುಡು. ನೀನಾಕಿದ್ಮೇಲೆ ನಾನ್ಯಾಕ್ ಬಿಚ್ಚಿ ನೋಡ್ಲಿ.”

ಮೂರು ವಾರ ಏನೂ ಮುರಿಯಲಿಲ್ಲ. ಯಜಮಾನರು ಸಿಕ್ಕಿದಾಗ, “ಈಗ ನೋಡು ನಿಮ್ಮಪ್ಪನ ಮಗ ಅನ್ಸ್‌ಕಂಡೆ” ಎಂದರು. ನಾನು ಖುಷಿಪಟ್ಟೆ. ಅದನ್ನೂ ಬರೆಯಬೇಕಾದ್ದೇ.

ನಾಲ್ಕನೇ ವಾರ ಒಂದು ಮಧ್ಯಾಹ್ನ, ಗಾಳಿಯಿತ್ತು. ಜವರ ಬಲೆ ಎಳೆಯುವ ಆರು ಜನರನ್ನು ಕೂರಿಸಿಕೊಂಡು ವಾಪಸ್ಸು ಬರುತ್ತಿದ್ದ. ಏರಿದ ನೀರು ಆಗಷ್ಟೇ ಮುಚ್ಚಿದ್ದ ಒಂದು ಬುಡಕ್ಕೆ ಫ್ಯಾನು ತಾಗಿತು. ಹಿತ್ತಾಳೆಯಾಗಿದ್ದರೆ ಟಪ್ಪೆಂದು ಮುರಿದು ಅಲ್ಲಿಗೆ ಮುಗಿಯುತ್ತಿತ್ತು. ಉಕ್ಕು ಮುರಿಯಲಿಲ್ಲ. ಅದರ ಬದಲು ಒಂದು ಎಲೆ ಕಿತ್ತುಹೋಯಿತು, ಒಳಗೆ ಗೇರಿನ ಹಲ್ಲುಗಳು ಪುಡಿಯಾದವು. ಬಾಂಬು ಹೊಡೆದ ಹಾಗೆ ಸದ್ದಾಯಿತು ಎಂದು ದೋಣಿಯಲ್ಲಿದ್ದವರು ಆಮೇಲೆ ಹೇಳಿದರು. ಹತ್ತು ನಿಮಿಷದಲ್ಲಿ ಸರಿಮಾಡುವಂಥದ್ದು ಏನೂ ಉಳಿದಿರಲಿಲ್ಲ. ಗಾಳಿ ದೋಣಿಯನ್ನು ಅಡ್ಡಡ್ಡ ತಳ್ಳಿಕೊಂಡು ಹೋಗಿ, ಮುಳುಗಿದ ಊರಿನ ಒಂದು ಕಲ್ಲುಗೋಡೆಗೆ ಅಪ್ಪಳಿಸಿತು. ಆ ಅಂಚಿನಲ್ಲಿ ಕೂತಿದ್ದ ಹೆಂಗಸಿನ ಕಾಲು ಸಿಕ್ಕಿಕೊಳ್ಳುತ್ತಿತ್ತು. ಜವರ ಅವಳನ್ನು ಒಳಗೆ ನೂಕಿ, ದೋಣಿ ತಡೆಯಲು ಎಡಗೈ ಕೊಟ್ಟ. ಎರಡು ಬೆರಳು ಅಲ್ಲೇ ಹೋದವು.

ಬೇರೆ ದೋಣಿಯವರು ಬಂದು ಎಲ್ಲರನ್ನೂ ದಡಕ್ಕೆ ಎಳೆದರು. ಜವರನನ್ನು ಆಸ್ಪತ್ರೆಗೆ ಸೇರಿಸಿದೆವು. ಮೋಟಾರು ನನ್ನ ಅಂಗಡಿಗೆ ಬಂತು. ಮಾರನೇ ದಿನ ಯಜಮಾನರು ಬಂದು ಎದುರಿಗೆ ಬಿಚ್ಚಿಸಿ ನೋಡುವುದಾಗಿ ಹೇಳಿ ಕಳಿಸಿದ್ದರು. ನಾನು ಕಾಯಲಿಲ್ಲ. ಬಾಗಿಲು ಎಳೆದುಕೊಂಡು ಬಿಚ್ಚಿದೆ.

ಕಿತ್ತುಹೋದ ಎಲೆ, ಪುಡಿಯಾದ ಹಲ್ಲುಗಳು, ಅವುಗಳ ನಡುವೆ ನನ್ನ ಉಕ್ಕಿನ ಕಡಾಣಿ. ಒಂದು ಗೀರೂ ಇರಲಿಲ್ಲ. ಅಪ್ಪ ನೋಡಿದ್ದರೆ ಭೇಷ್ ಎನ್ನುತ್ತಿದ್ದ.

ಅದನ್ನು ತಟ್ಟಿ ತೆಗೆದು ಜೇಬಿಗೆ ಹಾಕಿಕೊಂಡೆ. ಮುರಿದ ಹಿತ್ತಾಳೆ ತುಂಡುಗಳನ್ನು ನಾನು ಒಂದು ಡಬ್ಬಿಯಲ್ಲಿ ಹಾಕಿಡುತ್ತಿದ್ದೆ. ಅದರ ಜಾಗಕ್ಕೆ ಇಡಲು ಜೋಡಿಯಾಗುವ ಎರಡು ತುಂಡು ಆರಿಸಿದೆ. ಹಿತ್ತಾಳೆ ಹೊಸದಾಗಿ ಮುರಿದರೆ ಮುರಿದ ಮುಖ ಹಳದಿಯಾಗಿ ಹೊಳೆಯುತ್ತದೆ, ಹಳೆಯದಾದರೆ ಮಂಕಾಗುತ್ತದೆ. ನನಗೆ ಅದು ಗೊತ್ತಿತ್ತು. ಎಮೆರಿ ಕಾಗದದಿಂದ ಆ ಎರಡು ಮುಖಗಳನ್ನು ಹೊಳೆಯುವ ಹಾಗೆ ಉಜ್ಜಿ, ಒಳಗಿಟ್ಟು, ಎಲ್ಲವನ್ನೂ ಮೊದಲಿದ್ದ ಹಾಗೆ ಜೋಡಿಸಿದೆ. ಕಲಿತ ವಿದ್ಯೆಯನ್ನು ಅಷ್ಟು ನಾಜೂಕಾಗಿ ನಾನು ಬೇರೆ ಯಾವತ್ತೂ ಬಳಸಿಲ್ಲ.

ಮಾರನೇ ದಿನ ಯಜಮಾನರು ಎದುರಿಗೆ ಬಿಚ್ಚಿಸಿ ನೋಡಿದರು. ಹದಿನೈದು ದಿನ ಬಿಟ್ಟು ಜವರ ಕೈಗೆ ಪಟ್ಟಿ ಕಟ್ಟಿಕೊಂಡು ಅಂಗಡಿಗೆ ಬಂದಾಗ ಅವರೂ ಬಂದರು.

“ಎಷ್ಟು ಜೋರಾಗಿ ಬಿಟ್ಟಿದ್ದೆ ದೋಣಿಯ?”

“ನಿಧಾನುಕ್ಕೇ ಬತ್ತಿದ್ದೆ ಯಜಮಾನ್ರೆ. ಜನ ಇದ್ರು. ಗಾಳಿ ಬೇರೆ.”

“ನಿಧಾನುಕ್ಕೆ? ಇಲ್ನೋಡು. ಕಡಾಣಿ ಮುರಿದದೆ. ಮುರಿದ್ರೂವೆ ಗೇರು ಪುಡಿಯಾಗ್ಬುಟ್ಟದೆ. ಫ್ಯಾನು ಮಾತ್ರ ಅಲ್ಲ, ನೀರೊಳಗಿರೋ ಮೋಟಾರಿನ ಕಾಲೇ ಹೋಗಿ ಬುಡಕ್ಕೆ ಹೊಡೆದದೆ ಅಂದ್ರೆ ಎಷ್ಟು ಜೋರಿರ್ಬೇಕು? ಆರು ಜನರ ಜೀವ ಕಣೋ ಅದು.”

ಜವರ ಎರಡು ತುಂಡುಗಳನ್ನು ಬಲಗೈಯಲ್ಲಿ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಮುಖ ನೋಡಿದ. ಸಂಶಯದಿಂದ ಅಲ್ಲ. ಗೊತ್ತಿರುವವನನ್ನು ಕೇಳುವ ಹಾಗೆ.

“ಅಣ್ಣಯ್ಯ, ಕಡಾಣಿ ಮುರುದ್ರೂವೆ ಗೇರು ಓಯ್ತದಾ?”

“ಜೋರಾಗಿ ಹೊಡುದ್ರೆ ಹೋಯ್ತದೆ” ಎಂದೆ.

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಹಾಗಾಗಿಯೇ ಅದು ನಾನು ಹೇಳಿದ ಎಲ್ಲಕ್ಕಿಂತ ದೊಡ್ಡ ಸುಳ್ಳು.

ಜವರ ತುಂಡುಗಳನ್ನು ಮೇಜಿನ ಮೇಲೆ ಇಟ್ಟ. “ಅಂಗಾರೆ ಜೋರಾಗೇ ಇತ್ತೇನೋ. ನಂಗೇ ಗೊತ್ತಾಗ್ನಿಲ್ಲ” ಎಂದ.

ದೋಣಿ ಕೆಲಸ ಹೋಯಿತು. ಬೇರೆ ಕಡೆ ಕೇಳುತ್ತಾನೆ ಅಂದುಕೊಂಡೆ, ಕೇಳಲಿಲ್ಲ. ಹಿರೀಸಾವೆಯಲ್ಲಿ ಹೆದ್ದಾರಿಯ ಪಕ್ಕ ಎಳನೀರು ಮಾರಲು ಕೂತ. ಎಡಗೈಯ ಮೂರು ಬೆರಳಲ್ಲಿ ಕಾಯಿ ಹಿಡಿದು ಕೊಚ್ಚುವುದನ್ನು ಕಲಿತ. ಸೈಕಲ್ಲು ಕೂಡ ಮತ್ತೆ ಹತ್ತಲಿಲ್ಲ. ಹಾಸನಕ್ಕೆ ಬರುವಾಗ ಒಮ್ಮೆ ಬಸ್ಸಿನಲ್ಲಿ ನಾನು ಅವನ ಪಕ್ಕದಲ್ಲಿ ಕೂತಿದ್ದೆ. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಕೇಳಿದ, “ಅಣ್ಣಯ್ಯ, ಜೋರಾಗಿ ಓಯ್ತಾ ಇದ್ದೀವಾ?” ಅರಕಲಗೂಡಿಗೆ ನೆಂಟರ ಮನೆಗೆ ಹೋಗುವಾಗಲೂ ಅದೇ. ಆಟೋದಲ್ಲೂ ಅದೇ. ಪಕ್ಕದಲ್ಲಿ ಯಾರು ಕೂತಿದ್ದರೂ ಕೇಳುತ್ತಿದ್ದ. ಉಗುರಿನ ದಪ್ಪದ ವ್ಯತ್ಯಾಸ ಅಂಗೈಯಲ್ಲಿ ತಿಳಿಯುತ್ತಿದ್ದವನು ಅವನು. ಬೆರಳು ಹೋದದ್ದು ಎಲ್ಲರಿಗೂ ಕಾಣುತ್ತಿತ್ತು. ಇದು ನನಗೊಬ್ಬನಿಗೇ ಕಾಣುತ್ತಿತ್ತು, ಯಾಕೆಂದರೆ ಕಿತ್ತುಕೊಂಡವನು ನಾನು.

ಹದಿಮೂರು ವರ್ಷ ಹಾಗೇ ಇದ್ದೆ. ಅಷ್ಟರಲ್ಲಿ ಕೈ ನಡುಗಲು ಶುರುವಾಗಿ ಅಂಗಡಿ ಬಿಟ್ಟೆ. ಉಕ್ಕಿನ ಕಡಾಣಿಯನ್ನು ಬಿಸಾಡಲು ಎಷ್ಟೋ ಸಲ ಕೈ ಎತ್ತಿದ್ದೇನೆ, ಬಿಸಾಡಲಿಲ್ಲ. ಮೊನ್ನೆ ನೀವು ಆ ಪ್ರಶ್ನೆ ಕೇಳಿದಿರಿ. ಮರುದಿನ ಬೆಳಗ್ಗೆ ಅದನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಹಿರೀಸಾವೆಯ ಬಸ್ಸು ಹತ್ತಿದೆ.

ಜವರ ಕಾಯಿಗಳ ರಾಶಿಯ ಪಕ್ಕ ಕೂತಿದ್ದ. “ಏನಣ್ಣಯ್ಯ, ಹೇಳ್ದೆ ಕೇಳ್ದೆ ಬಂದ್ಬುಟ್ಟೆ? ಗಂಜಿ ಇರೋ ಕಾಯಿ ಕೆತ್ಲಾ?” ಎನ್ನುತ್ತಾ ಒಂದು ಕಾಯಿ ಎತ್ತಿಕೊಂಡ.

“ಕಾಯಿ ಆಮೇಲೆ. ಇದ ನೋಡು.”

ಕಡಾಣಿಯನ್ನು ಅವನ ಕೈಗೆ ಹಾಕಿದೆ. ಯಾವ ಮೋಟಾರಿನದು, ಯಾವಾಗ ಹಾಕಿದ್ದು, ಯಾವಾಗ ತೆಗೆದದ್ದು, ಡಬ್ಬಿಯ ತುಂಡುಗಳು, ಎಮೆರಿ ಕಾಗದ, ಮೊನ್ನೆ ಪಾಠ ಹೇಳಲು ನಿಂತು ನಿಮ್ಮ ಮುಂದೆ ಗಂಟಲಿನ ನೆಪ ಹೇಳಿ ಕೂತದ್ದು, ಒಂದೂ ಬಿಡದೆ ಹೇಳಿದೆ. ನಡುವೆ ಒಂದು ಕಾರು ನಿಂತಿತು. ಅದರವರು ಎರಡು ಎಳನೀರು ಕೇಳಿದರು. ಜವರ ಕೊಚ್ಚಿ ಕೊಟ್ಟ, ಅವರು ಕುಡಿದು ಹೋದರು. ಕಡಾಣಿಯನ್ನು ಬಾಯಲ್ಲಿ, ತುಟಿಗಳ ನಡುವೆ ಹಿಡಿದುಕೊಂಡಿದ್ದ. ದೋಣಿಯಲ್ಲಿದ್ದಾಗ ಹೊಸ ಕಡಾಣಿಯನ್ನು ಹಾಗೇ ಹಿಡಿದುಕೊಳ್ಳುತ್ತಿದ್ದ.

ಬೈಯುತ್ತಾನೆ ಅಂದುಕೊಂಡಿದ್ದೆ. ಮಚ್ಚು ಕೈಯಲ್ಲೇ ಇತ್ತು, ಅದನ್ನೂ ಯೋಚಿಸಿದ್ದೆ. ಅವನು ಮಚ್ಚನ್ನು ಕೆಳಗಿಟ್ಟು, ಕಡಾಣಿಯನ್ನು ಬಾಯಿಂದ ತೆಗೆದು ಅಂಗೈಯಲ್ಲಿ ಉರುಳಿಸಿದ.

“ಅಂಗಾರೆ ನಾನು ನಿಧಾನುಕ್ಕೇ ಓಗ್ತಿದ್ದೆ. ಅಲ್ವಾ?”

“ಹೂಂ ಕಣ್ಲಾ ಜವರ.”

“ನಂಗೊತ್ತಿತ್ತು.” ಅವನ ಧ್ವನಿ ಏರಿತು. “ನಂಗೊತ್ತಿತ್ತು ಕಣಣ್ಣಯ್ಯ! ಹಿಡಿ ಕೈಲಿ ಎಂಗಿತ್ತು ಅಂತ ಇವತ್ತೂ ಗೊತ್ತದೆ. ನಂದೇ ಕೈಯ ನಾನು ನಂಬ್ನಿಲ್ಲ. ನೀನಿಟ್ಟ ಆ ಎರಡು ಚೂರ ನಂಬ್ದೆ.”

ನಾನು ಏನೋ ಹೇಳಲು ಹೋದೆ. ಬೆರಳುಗಳ ವಿಷಯ ಎತ್ತಿದೆನೆಂದು ಕಾಣುತ್ತದೆ.

“ಬೆಳ್ಳಿನ ಮಾತು ಬುಡು. ಬೆಳ್ಳು ಗೋಡೆ ತಗಂತು. ಈ ಕೈ ಮೇಲಿದ್ದ ನಂಬ್ಕೆಯ ನೀನ್ ತಗಂಡೆ.” ರಸ್ತೆಯ ಕಡೆ ತಿರುಗಿದ. ಲಾರಿಗಳು ಹೋಗುತ್ತಿದ್ದವು. “ಆ ಹುಡುಗ್ರಿಗೆ ಏನೋ ಪಾಠ ಹೇಳ್ತೀನಿ ಅಂದ್ಯಲ್ಲ. ಇದ್ನೂ ಹೇಳು. ಬಾಯಲ್ಲಿ ಬ್ಯಾಡ, ಬಾಯಿ ನಿಂದು ಸರಿ ಇಲ್ಲ. ಬರಿ. ನನ್ನ ಹೆಸರಾಕಿ ಬರಿ.”

ಎಳನೀರು ಕೊಡಲಿಲ್ಲ. ಕಡಾಣಿಯನ್ನೂ ವಾಪಸ್ಸು ಕೊಡಲಿಲ್ಲ. ಅಂಗಿಯ ಜೇಬಿಗೆ ಹಾಕಿಕೊಂಡ.

ಅವನು ಹೇಳಿದ ಹಾಗೆ ಬರೆದಿದ್ದೇನೆ. ಫ್ಯಾನಿನ ವಿಷಯ ಮರೆತರೂ ಹೊಸದು ಸಿಗುತ್ತದೆ, ಸೋಪಿನ ವಿಷಯ ಮರೆತರೆ ಒಂದೆರಡು ಫ್ಯಾನು ಸುರಿದು ಕಲಿಯುತ್ತೀರಿ. ಇದೊಂದನ್ನು ಮರೆಯಬೇಡಿ. ಹಿನ್ನೀರಿನ ಕಡೆ ಕೆಲಸಕ್ಕೆ ಹೋದಾಗ ಅಲ್ಲಿನ ಹಳಬರ ಬಾಯಲ್ಲಿ ಜವರನ ಮಾತು ಬಂದರೆ, ಅವರು ಬೇರೆ ಹೇಳಿದರೆ, ನೀವು ತಿದ್ದಿ ಹೇಳಿ. ಆ ದಿನ ದೋಣಿಯಲ್ಲಿ ಆರು ಜನರಿದ್ದರು, ಗಾಳಿಯಿತ್ತು, ಜವರ ನಿಧಾನಕ್ಕೇ ಹೋಗುತ್ತಿದ್ದ.